ಡಿಗ್ರಿ ಇಲ್ಲದವನು ಕಂಡ ಬೆಳಕು: ಒಲೆಗ್ ಲೋಸೆವ್ ಮತ್ತು ಗಜೇಂದ್ರಗಡದ ಮೂರು ಎಲ್‌ಇಡಿ ಬಲ್ಬುಗಳು

ಗಜೇಂದ್ರಗಡದಲ್ಲಿ ನನ್ನ ಸೋದರಮಾವನ ಮಗ್ಗದ ಮೇಲೆ ತೂಗುವ 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದೇ ವರ್ಷದಲ್ಲಿ ಮೂರನೇ ಸಲ ಹೋಯಿತು. ಸೀರೆ ನೇಯುವವರಿಗೆ ಬಲ್ಬು ಹೋಗುವುದೆಂದರೆ ಬರೀ ಕತ್ತಲಲ್ಲ. ಎಳೆ ಹರಿದದ್ದು ಕಾಣುವುದಿಲ್ಲ. ಕಾಣದೆ ನಾಲ್ಕು ಬೆರಳು ಮುಂದೆ ಹೋದರೆ ಅಷ್ಟನ್ನೂ ಬಿಚ್ಚಿ ಮತ್ತೆ ನೇಯಬೇಕು. ಬಿಚ್ಚಿದ್ದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಹೊಸದು ತರ್ತೀನಿ ಅಂತ ನಾನು ಹೊರಟರೆ ಮಾವ ಬೇಡ ಅಂದರು. ಹೋದ ಮೂರೂ ಬಲ್ಬುಗಳನ್ನು ಅವರು ಎಸೆದಿರಲಿಲ್ಲ. ಒಂದು ಚೀಲಕ್ಕೆ ಹಾಕಿ ಕೊಟ್ಟು, ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಕಳಿಸಿದರು.

ಅಂಗಡಿಯ ಅಣ್ಣ ಪಿಯುಸಿ ಅರ್ಧಕ್ಕೆ ಬಿಟ್ಟವರು. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಅವರು ಬಲ್ಬಿನ ಬಿಳಿ ಪ್ಲಾಸ್ಟಿಕ್ ಬುರುಡೆಯ ಅಂಚಿಗೆ ಚಾಕುವಿನ ತುದಿ ಕೊಟ್ಟು ಟಪ್ ಅಂತ ಎಬ್ಬಿಸಿದರು. ಒಳಗೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಹಳದಿ ಚೌಕಗಳ ಸಾಲು. ಒಂದು ಚೌಕದ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆ. ಎಲ್‌ಇಡಿಗಳೆಲ್ಲ ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ, ಹಾಗಾಗಿ ಒಂದು ಸುಟ್ಟರೆ ಇಡೀ ಸಾಲು ಕತ್ತಲು. ಅಣ್ಣ ಸುಟ್ಟ ಚೌಕವನ್ನು ಕಿತ್ತು, ಆ ಜಾಗದ ಎರಡು ತುದಿಗಳನ್ನು ಸೋಲ್ಡರ್ ಹಾಕಿ ಜೋಡಿಸಿದರು. ಇಷ್ಟು ಎಲ್ಲರೂ ಮಾಡ್ತಾರೆ. ಆಮೇಲೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ತಟ್ಟೆಯ ಮೇಲಿನ ಪುಟ್ಟ ಐಸಿ ಪಕ್ಕದಲ್ಲಿ ಅಕ್ಕಿ ನುಚ್ಚಿನಷ್ಟು ಗಾತ್ರದ ಎರಡು ರೆಸಿಸ್ಟರುಗಳಿದ್ದವು. ಅದರಲ್ಲಿ ಒಂದನ್ನು ಸೋಲ್ಡರಿಂಗ್ ಕಡ್ಡಿಯ ತುದಿಯಿಂದ ಎತ್ತಿ ಬಿಸಾಡಿದರು.

ಯಾಕೆ ಅಂತ ಕೇಳಿದೆ. ಕರೆಂಟ್ ಎಷ್ಟು ಹರಿಯಬೇಕು ಅನ್ನೋದನ್ನ ಈ ಎರಡು ಸೇರಿ ತೀರ್ಮಾನ ಮಾಡ್ತಾವೆ, ಒಂದನ್ನ ತೆಗೆದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳೀತದೆ, ಬೆಳಕು ಮಾತ್ರ ಅರ್ಧದಷ್ಟು ಇಳಿಯೋದಿಲ್ಲ, ಬಲ್ಬು ತಣ್ಣಗಿರ್ತದೆ, ತಣ್ಣಗಿದ್ದದ್ದು ಬಾಳಿಕೆ ಬರ್ತದೆ ಅಂದರು. ಅವರು ಹೇಳಿದ್ದು ಪೂರ್ತಿ ಸರಿ. ಅದರ ಸೂತ್ರ ನನಗೆ ಪರೀಕ್ಷೆಗೆ ಬಂದಿತ್ತು. ಅದು ಬಲ್ಬಿನಲ್ಲಿ ಎಲ್ಲಿ ಕೂತಿರುತ್ತದೆ ಅಂತ ಗೊತ್ತಿರಲಿಲ್ಲ.

ಈ ಬೆಳಕನ್ನು ಮೊದಲು ಕಂಡುಹಿಡಿದವರು ಯಾರು ಅಂತ ಅಣ್ಣ ಕೇಳಿದರು. 2014ರ ನೊಬೆಲ್ ಪಡೆದ ಜಪಾನಿಯರು ಅಂತ ಠೀವಿಯಿಂದ ಹೇಳಿ ಬಂದೆ. ಅದು ತಪ್ಪು. ಅವರು ಕೊಟ್ಟದ್ದು ನೀಲಿ ಎಲ್‌ಇಡಿ. ಅರೆವಾಹಕದ ಹರಳಿನಿಂದ ಬರುವ ಈ ತಣ್ಣನೆಯ ಬೆಳಕನ್ನು ಮೊದಲು ಕೂತು ಅಧ್ಯಯನ ಮಾಡಿದ್ದು, ಅಳೆದದ್ದು, ಇದರಿಂದ ಏನು ಮಾಡಬಹುದು ಅಂತ ಬರೆದದ್ದು ರಷ್ಯಾದ ಒಬ್ಬ ಹುಡುಗ. ಅವನು ಆ ಪ್ರಯೋಗಾಲಯಕ್ಕೆ ಸೇರಿದ್ದು ವಿಜ್ಞಾನಿಯಾಗಿ ಅಲ್ಲ, ಜವಾನನಾಗಿ.

ಒಲೆಗ್ ವ್ಲಾದಿಮಿರೊವಿಚ್ ಲೋಸೆವ್ ಹುಟ್ಟಿದ್ದು 1903ರ ಮೇ 10ರಂದು, ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗುವ ದಾರಿಯಲ್ಲಿರುವ ತ್ವೇರ್ ಪಟ್ಟಣದಲ್ಲಿ. ತಂದೆ ಝಾರ್ ಸೈನ್ಯದ ನಿವೃತ್ತ ಅಧಿಕಾರಿ, ಆಮೇಲೆ ರೈಲ್ವೆ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮನೆತನ ಕುಲೀನರದು. ಈ ಕೊನೆಯ ಮಾತು ನೆನಪಿರಲಿ, ಅದಕ್ಕೆ ಮತ್ತೆ ಬರುತ್ತೇನೆ.

ಮೊದಲ ಮಹಾಯುದ್ಧದ ಕಾಲಕ್ಕೆ ತ್ವೇರ್‌ನಲ್ಲಿ ಸೈನ್ಯದ ರೇಡಿಯೊ ಠಾಣೆಯೊಂದಿತ್ತು. 1917ರಲ್ಲಿ ಅದರ ಮುಖ್ಯಸ್ಥ ಲೆಶ್ಚಿನ್ಸ್ಕಿ ಊರಿನವರಿಗಾಗಿ ತಂತಿಯಿಲ್ಲದ ಸಂಪರ್ಕದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಕೇಳಲು ಬಂದವರಲ್ಲಿ ಹದಿಹರೆಯದ ಲೋಸೆವ್ ಇದ್ದ. ಅಲ್ಲಿಂದ ಅವನಿಗೆ ಠಾಣೆಗೆ ಹೋಗಿಬರುವುದೇ ಕೆಲಸವಾಯಿತು. ಅಲ್ಲಿ ಲೆಬೆಡಿನ್ಸ್ಕಿ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರ ಪರಿಚಯವಾಯಿತು, ಬೊಂಚ್-ಬ್ರುಯೆವಿಚ್ ಎಂಬ ಎಂಜಿನಿಯರ್ ಕೈಯಾರೆ ರೇಡಿಯೊ ವಾಲ್ವ್ ಮಾಡುವುದನ್ನು ನೋಡಿದ. ಕ್ರಾಂತಿಯಾದ ಮೇಲೆ, 1918ರಲ್ಲಿ, ಲೆನಿನ್ ಸರ್ಕಾರ ಈ ಜನರನ್ನೆಲ್ಲ ವೋಲ್ಗಾ ದಂಡೆಯ ನಿಜ್ನಿ ನೊವ್ಗೊರೊದ್‌ಗೆ ಕರೆದುಕೊಂಡು ಹೋಗಿ ರೇಡಿಯೊ ಪ್ರಯೋಗಾಲಯ ಕಟ್ಟಿತು. ಒಳಯುದ್ಧ, ಹಸಿವು, ಸೌದೆಯಿಲ್ಲದ ಚಳಿ. ಅದರ ನಡುವೆ ಸಂಶೋಧನಾಲಯ.

1920ರಲ್ಲಿ ಶಾಲೆ ಮುಗಿಸಿದ ಲೋಸೆವ್ ಕೂಡ ಅಲ್ಲಿಗೆ ಬಂದ. ಹದಿನೇಳು ವರ್ಷ. ಸಂಶೋಧಕನ ಹುದ್ದೆ ಕೇಳುವ ಅರ್ಹತೆ ಇರಲಿಲ್ಲ, ಕಾಗದಪತ್ರ ಒಯ್ದು ಕೊಡುವ ಹುಡುಗನ ಕೆಲಸ ಸಿಕ್ಕಿತು. ಉಳಿಯಲು ಜಾಗವಿರಲಿಲ್ಲ. ಪ್ರಯೋಗಾಲಯದ ಮೂರನೇ ಮಹಡಿಯಲ್ಲಿ, ಅಟ್ಟದ ಬಾಗಿಲ ಮುಂದಿನ ಮೆಟ್ಟಿಲ ಪಡಸಾಲೆಯಲ್ಲಿ ಮಲಗುತ್ತಿದ್ದ. ಅಲ್ಲಿ ಬಿಸಿಯ ವ್ಯವಸ್ಥೆ ಇರಲಿಲ್ಲ. ರಷ್ಯಾದ ಜನವರಿ ಎಂದರೆ ಏನು ಅಂತ ಗಜೇಂದ್ರಗಡದವರಿಗೆ ಹೇಗೆ ಹೇಳುವುದೋ ಗೊತ್ತಿಲ್ಲ.

ಆದರೆ ಒಂದು ಸಂಗತಿ ಗಮನಿಸಿ. ಆ ಪ್ರಯೋಗಾಲಯ ತನ್ನ ಜವಾನನಿಗೆ ಉಪಕರಣ ಮುಟ್ಟಲು ಬಿಟ್ಟಿತು. ಲೆಬೆಡಿನ್ಸ್ಕಿ ಅವನಿಗೆ ಓದಲು ಹೇಳಿದರು, ಬರೆಯಲು ಹೇಳಿದರು, ಬರೆದದ್ದನ್ನು ಸಂಸ್ಥೆಯ ಪತ್ರಿಕೆ ಅಚ್ಚು ಹಾಕಿತು. ನಾನು ಓದಿದ ಕಾಲೇಜಿನಲ್ಲಿ ಒಳ್ಳೆಯ ಆಸಿಲೋಸ್ಕೋಪುಗಳು ಬೀರುವಿನಲ್ಲಿ ಇರುತ್ತಿದ್ದವು, ತಪಾಸಣೆ ತಂಡ ಬಂದ ದಿನ ಮಾತ್ರ ಹೊರಗೆ ಬರುತ್ತಿದ್ದವು. ಅವುಗಳ ಧೂಳು ಒರೆಸುತ್ತಿದ್ದ ಅಟೆಂಡರ್‌ಗೆ ಒಂದು ಗುಂಡಿ ಒತ್ತಲೂ ಅನುಮತಿ ಇರಲಿಲ್ಲ. ಲೋಸೆವ್ ಪ್ರತಿಭಾವಂತ ನಿಜ. ಅವನಿಗೆ ಬೀಗದ ಕೈ ಕೊಟ್ಟವರಿದ್ದರು ಅನ್ನೋದೂ ಅಷ್ಟೇ ನಿಜ.

ಆ ಕಾಲದ ಬಡವರ ರೇಡಿಯೊ ಎಂದರೆ ಹರಳಿನ ರೇಡಿಯೊ. ಒಂದು ಖನಿಜದ ತುಣುಕು, ಅದಕ್ಕೆ ಚುಚ್ಚಿಕೊಂಡಿರುವ ಸೂಜಿ ಅಥವಾ ಸಣ್ಣ ತಂತಿ. ಈ ಹರಳಿನ ಕಥೆಯಲ್ಲಿ ನಮ್ಮವರೂ ಇದ್ದಾರೆ. ಕೊಲ್ಕತ್ತಾದ ಜಗದೀಶ್ ಚಂದ್ರ ಬೋಸ್ ಗೆಲಿನಾ ಹರಳಿನ ಶೋಧಕಕ್ಕೆ 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಹರಳಿನ ರೇಡಿಯೊಗೆ ಬ್ಯಾಟರಿ ಬೇಡ, ಆದರೆ ಅದು ಸದ್ದನ್ನು ಹಿಗ್ಗಿಸಲಾರದು. ಹಿಗ್ಗಿಸಬೇಕೆಂದರೆ ವಾಲ್ವ್ ಬೇಕು. ವಾಲ್ವ್ ದುಬಾರಿ, ಅದರ ತಂತಿ ಕಾಯಿಸಲು ಬ್ಯಾಟರಿ ಬೇಕು, ಅದು ಬೇಗ ಸುಟ್ಟುಹೋಗುತ್ತದೆ. ಹರಳಿನಿಂದಲೇ ಆ ಕೆಲಸ ಮಾಡಿಸಬಹುದಲ್ಲ ಅನ್ನುವುದು ಲೋಸೆವ್‌ನ ಹಟ.

ಸಿಕ್ಕ ಸಿಕ್ಕ ಖನಿಜಕ್ಕೆ ಸೂಜಿ ಚುಚ್ಚಿ, ಸಣ್ಣ ಬ್ಯಾಟರಿ ಕೊಟ್ಟು ನೋಡುತ್ತ ಹೋದ. 1922ರ ಜನವರಿ 13ರಂದು ಝಿಂಕೈಟ್ ಹರಳು, ಅಂದರೆ ಸತುವಿನ ಆಕ್ಸೈಡ್, ಅವನ ಮಾತು ಕೇಳಿತು. ಸಾಮಾನ್ಯವಾಗಿ ವೋಲ್ಟೇಜ್ ಹೆಚ್ಚಿಸಿದರೆ ಕರೆಂಟ್ ಹೆಚ್ಚುತ್ತದೆ. ಈ ಹರಳಿನ ಮೇಲಿನ ಕೆಲವು ಬಿಂದುಗಳಲ್ಲಿ, ಒಂದು ಸಣ್ಣ ವ್ಯಾಪ್ತಿಯಲ್ಲಿ, ವೋಲ್ಟೇಜ್ ಹೆಚ್ಚಿಸಿದರೆ ಕರೆಂಟ್ ಇಳಿಯುತ್ತಿತ್ತು. ಇದನ್ನು ಋಣ ಪ್ರತಿರೋಧ ಅಂತೀವಿ. ಇಂಥ ಬಿಂದು ಸಿಕ್ಕರೆ ಹರಳು ತಾನೇ ಕಂಪನ ಹುಟ್ಟಿಸಬಲ್ಲದು, ಸಂಕೇತವನ್ನು ಹಿಗ್ಗಿಸಬಲ್ಲದು. ಟ್ರಾನ್ಸಿಸ್ಟರ್ ಬರಲು ಇನ್ನೂ 25 ವರ್ಷ ಇತ್ತು. ಲೋಸೆವ್‌ಗೆ ಆಗ ಹದಿನೆಂಟು.

ಅವನ ರೇಡಿಯೊಗೆ ಕ್ರಿಸ್ಟಾಡಿನ್ ಅಂತ ಹೆಸರಾಯಿತು. ನನಗೆ ಲೋಸೆವ್ ಇಷ್ಟವಾಗಲು ಶುರುವಾದದ್ದು ಇಲ್ಲಿಂದ. ಅವನು ಹವ್ಯಾಸಿಗಳಿಗಾಗಿ ಬರೆದ. ಮನೆಯಲ್ಲೇ ಕ್ರಿಸ್ಟಾಡಿನ್ ಕಟ್ಟುವುದು ಹೇಗೆ, ನೈಸರ್ಗಿಕ ಝಿಂಕೈಟ್ ಸಿಗದಿದ್ದರೆ ಸತುವಿನ ಆಕ್ಸೈಡನ್ನು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಹರಳು ಮಾಡಿಕೊಳ್ಳುವುದು ಹೇಗೆ, ಸೂಜಿ ಎಲ್ಲಿ ಚುಚ್ಚಬೇಕು. ಸೋವಿಯತ್ ಹುಡುಗರು ಇದನ್ನು ಓದಿ ಅಡುಗೆಮನೆಯಲ್ಲಿ ರೇಡಿಯೊ ಕಟ್ಟಿದರು. 1924ರಲ್ಲಿ ನ್ಯೂಯಾರ್ಕಿನ ರೇಡಿಯೊ ನ್ಯೂಸ್ ಪತ್ರಿಕೆಯ ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್ ಇದನ್ನು ಜಗತ್ತೇ ಬೆರಗಾಗಬೇಕಾದ ಆವಿಷ್ಕಾರ ಅಂತ ಡಂಗುರ ಹೊಡೆದ. ಬೆರಗು ಹೆಚ್ಚು ದಿನ ಉಳಿಯಲಿಲ್ಲ. ಮೇಜು ಅಲುಗಿದರೆ ಸೂಜಿ ಜಾರುತ್ತಿತ್ತು, ಬಿಂದು ಕಳೆದುಹೋಗುತ್ತಿತ್ತು. ಅಷ್ಟರಲ್ಲಿ ವಾಲ್ವ್ ಸುಧಾರಿಸಿತು.

ಈ ಚುಚ್ಚಾಟದ ನಡುವೆಯೇ, 1923ರಲ್ಲಿ, ಕಾರ್ಬೊರಂಡಮ್ ಹರಳಿಗೆ ಸೂಜಿ ಇಟ್ಟಾಗ ಆ ಬಿಂದುವಿನಲ್ಲಿ ಮಸುಕಾದ ಹೊಳಪು ಕಂಡಿತು. ಕಾರ್ಬೊರಂಡಮ್ ಎಂದರೆ ಸಿಲಿಕಾನ್ ಕಾರ್ಬೈಡ್. ಅದು ಅಪರೂಪದ ವಸ್ತುವೇನಲ್ಲ, ನಮ್ಮ ಸಂತೆಗಳಲ್ಲಿ ಕುಡುಗೋಲು, ಕತ್ತರಿ ಮಸೆದುಕೊಡುವವರ ತಿರುಗುವ ಸಾಣೆ ಚಕ್ರದಲ್ಲೂ ಅದೇ ಇರುತ್ತದೆ.

ಅವನಿಗಿಂತ ಮೊದಲು, 1907ರಲ್ಲಿ, ಮಾರ್ಕೋನಿ ಕಂಪನಿಯ ಎಚ್.ಜೆ. ರೌಂಡ್ ಎಂಬಾತನಿಗೂ ಇದೇ ಹೊಳಪು ಕಂಡಿತ್ತು. ಆತ ಪತ್ರಿಕೆಯೊಂದಕ್ಕೆ ಪುಟ್ಟ ಟಿಪ್ಪಣಿ ಕಳಿಸಿ ಬೇರೆ ಕೆಲಸಕ್ಕೆ ಹೋದ. ಲೋಸೆವ್ ಹೋಗಲಿಲ್ಲ. ವರ್ಷಗಟ್ಟಲೆ ಆ ಚುಕ್ಕೆಯನ್ನು ಬೆನ್ನು ಹತ್ತಿದ. ಎಷ್ಟು ವೋಲ್ಟಿಗೆ ಎಷ್ಟು ಕರೆಂಟ್, ಯಾವ ದಿಕ್ಕಿನಲ್ಲಿ ಹರಿದರೆ ಯಾವ ಬಣ್ಣದ ಬೆಳಕು, ಎಲ್ಲ ಬರೆದಿಟ್ಟ. ಇದು ಬಿಸಿಯಿಂದ ಬರುವ ಬೆಳಕೇ ಎಂಬುದು ದೊಡ್ಡ ಪ್ರಶ್ನೆ. ಹಳೆಯ ಬಲ್ಬಿನ ತಂತಿ ಕಾದು ಕೆಂಪಾಗಿ ಹೊಳೆಯುತ್ತದಲ್ಲ, ಹಾಗಾ? ಹೊಳೆಯುವ ಬಿಂದುವಿನ ಮೇಲೆ ಬೇಗ ಆವಿಯಾಗುವ ಬೆಂಜೀನಿನ ಒಂದು ಹನಿ ಬಿಟ್ಟು ನೋಡಿದ. ಹನಿ ಚಟಾರನೆ ಹಾರಲಿಲ್ಲ, ನಿಧಾನಕ್ಕೆ ಆರಿತು. ಅಂದರೆ ಹರಳು ತಣ್ಣಗಿದೆ, ಬೆಳಕು ಬಿಸಿಯಿಂದಲ್ಲ. ಐನ್‌ಸ್ಟೈನ್ ಬೆಳಕಿನ ಕಣಗಳ ಬಗ್ಗೆ ಹೇಳಿದ್ದ ದ್ಯುತಿವಿದ್ಯುತ್ ಪರಿಣಾಮವನ್ನು ತಿರುಗಿಸಿ ಹಾಕಿದರೆ ಇದು ಅರ್ಥವಾಗುತ್ತದೆ ಎಂದು ಅವನು ಬರೆದ. ಬೆಳಕು ಬಿದ್ದು ವಿದ್ಯುತ್ ಹುಟ್ಟುವುದಿದ್ದರೆ, ವಿದ್ಯುತ್ ಹರಿದು ಬೆಳಕು ಯಾಕೆ ಹುಟ್ಟಬಾರದು? ವಿಶ್ವವಿದ್ಯಾಲಯದ ಪದವಿ ಇಲ್ಲದ ಹುಡುಗ ಕ್ವಾಂಟಂ ಸಿದ್ಧಾಂತವನ್ನು ಇಟ್ಟುಕೊಂಡು ವಾದ ಮಾಡುತ್ತಿದ್ದ.

ಅವನ ವಿವರವಾದ ಪ್ರಬಂಧ 1927ರಲ್ಲಿ ರಷ್ಯನ್‌ನಲ್ಲಿ ಬಂತು, 1928ರಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ. 1927ರಲ್ಲೇ ಬೆಳಕಿನ ರಿಲೇ ಎಂಬ ಸಾಧನಕ್ಕೆ ಪೇಟೆಂಟ್ ಅರ್ಜಿ ಹಾಕಿದ, 1929ರಲ್ಲಿ ಅದು ಮಂಜೂರಾಯಿತು. ಈ ಹೊಳಪನ್ನು ಬಹಳ ವೇಗವಾಗಿ ಹೊತ್ತಿಸಿ ಆರಿಸಬಹುದು, ಹಾಗಾಗಿ ಟೆಲಿಗ್ರಾಫ್, ಟೆಲಿಫೋನ್ ಸಂಕೇತಗಳನ್ನು ಬೆಳಕಿಗೆ ಬದಲಿಸಬಹುದು ಅನ್ನುವುದು ಯೋಚನೆ. ಇವತ್ತು ಇಂಟರ್ನೆಟ್ ಫೈಬರ್ ಕೇಬಲಿನಲ್ಲಿ ಅರೆವಾಹಕದ ಬೆಳಕಾಗಿಯೇ ಓಡುತ್ತದೆ.

ಇಷ್ಟೆಲ್ಲ ಆದಮೇಲೆ ಲೋಸೆವ್ ದೊಡ್ಡ ವಿಜ್ಞಾನಿಯಾಗಬೇಕಿತ್ತು. ಆಗಲಿಲ್ಲ. ತಾಂತ್ರಿಕ ಕಾರಣವೊಂದಿತ್ತು: ಸಿಲಿಕಾನ್ ಕಾರ್ಬೈಡ್ ಬೆಳಕು ಕೊಡುವುದರಲ್ಲಿ ಬಹಳ ಜಿಪುಣ, ಅದರಿಂದ ದೀಪ ಆಗುವಂತಿರಲಿಲ್ಲ. ಇನ್ನೊಂದು ಕಾರಣ ಹುಟ್ಟಿನದು. ಕುಲೀನರ ಮಕ್ಕಳಿಗೆ ಕ್ರಾಂತಿಯ ನಂತರದ ವ್ಯವಸ್ಥೆಯಲ್ಲಿ ಬಾಗಿಲುಗಳು ಮುಚ್ಚುತ್ತಿದ್ದವು. ಶತಮಾನಗಳ ಕಾಲ ಅವರೇ ಇತರರಿಗೆ ಮುಚ್ಚಿದ್ದ ಬಾಗಿಲುಗಳು ಅವು ಅನ್ನುವುದನ್ನು ಮರೆಯಬಾರದು. ಆದ್ದರಿಂದ ಲೋಸೆವ್‌ನನ್ನು ನಮ್ಮ ಊರಿನ ಬಡ ಹುಡುಗನ ಹಾಗೆ ಚಿತ್ರಿಸುವುದು ಸುಳ್ಳಾಗುತ್ತದೆ. ಅವನಿಗೆ ಮನೆಯಲ್ಲಿ ಓದು ಇತ್ತು, ಊರಲ್ಲಿ ಪ್ರಾಧ್ಯಾಪಕರ ಪರಿಚಯವಿತ್ತು. ಆದರೂ ಯಾರ ಮಗ ಎಂಬ ಪ್ರಶ್ನೆಗೆ ಏನು ಗೊತ್ತಿದೆ ಎಂಬ ಪ್ರಶ್ನೆಗಿಂತ ಹೆಚ್ಚು ಬೆಲೆ ಬಂದರೆ ಏನಾಗುತ್ತದೆ ಅನ್ನುವುದು ಅವನ ಬದುಕಿನಲ್ಲಿ ಕಾಣುತ್ತದೆ. ಒಟ್ಟು 43 ಪ್ರಬಂಧ, 16 ಆವಿಷ್ಕಾರ ಪ್ರಮಾಣಪತ್ರ. ಉಳಿದದ್ದು ತಂತ್ರಜ್ಞನಾಗಿಯೇ.

1928ರಲ್ಲಿ ನಿಜ್ನಿ ನೊವ್ಗೊರೊದ್‌ನ ಕೆಲಸವನ್ನು ಲೆನಿನ್‌ಗ್ರಾದ್‌ಗೆ ಸ್ಥಳಾಂತರ ಮಾಡಿದರು. ಅಲ್ಲಿ ಹೆಸರಾಂತ ಭೌತವಿಜ್ಞಾನಿ ಅಬ್ರಾಮ್ ಯೋಫೆ ಅವನ ಬೆನ್ನಿಗೆ ನಿಂತರು. ಆದರೂ ಕೊನೆಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಮೊದಲನೇ ಲೆನಿನ್‌ಗ್ರಾದ್ ವೈದ್ಯಕೀಯ ಸಂಸ್ಥೆಯಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ. 1938ರಲ್ಲಿ ಯೋಫೆ ಶಿಫಾರಸಿನಿಂದ, ಪ್ರಬಂಧ ಮಂಡನೆ ಇಲ್ಲದೆಯೇ, ಕ್ಯಾಂಡಿಡೇಟ್ ಪದವಿ ಕೊಟ್ಟರು. ನಮ್ಮಲ್ಲಿನ ಪಿಎಚ್.ಡಿಗೆ ಹತ್ತಿರದ್ದು. 35ನೇ ವಯಸ್ಸಿನಲ್ಲಿ ಸಿಕ್ಕ ಮೊದಲ ಡಿಗ್ರಿ. ಮರುವರ್ಷ ತನ್ನ ಬದುಕಿನ ಬಗ್ಗೆ ಬರೆದ ಟಿಪ್ಪಣಿಯಲ್ಲಿ, ಅರೆವಾಹಕದಿಂದ ಮೂರು ತುದಿಗಳ, ವಾಲ್ವ್‌ನ ಕೆಲಸ ಮಾಡುವ ಸಾಧನ ಕಟ್ಟಬಹುದು ಅಂತ ಹೇಳಿದ್ದಾನೆ. ಮೂರು ತುದಿಗಳ ಅಂಥ ಸಾಧನವನ್ನು, ಅಂದರೆ ಟ್ರಾನ್ಸಿಸ್ಟರನ್ನು, ಅಮೆರಿಕದ ಬೆಲ್ ಲ್ಯಾಬ್ಸ್ ಮಾಡಿ ತೋರಿಸಿದ್ದು 1947ರ ಡಿಸೆಂಬರಿನಲ್ಲಿ.

1941ರ ಸೆಪ್ಟೆಂಬರ್ 8ರಂದು ನಾಜಿ ಸೈನ್ಯ ಲೆನಿನ್‌ಗ್ರಾದ್‌ನ ನೆಲದ ದಾರಿಗಳನ್ನೆಲ್ಲ ಮುಚ್ಚಿತು. ಯೋಫೆಯ ಸಂಸ್ಥೆ ಕಜಾನ್‌ಗೆ ಹೋಗಿತ್ತು. ಊರು ಬಿಡು ಅಂತ ಯೋಫೆ ಹೇಳಿದರೂ ಲೋಸೆವ್ ಉಳಿದ, ಕೈಯಲ್ಲಿದ್ದ ಪ್ರಯೋಗ ಮುಗಿಸಬೇಕಿತ್ತು. ಆಸ್ಪತ್ರೆಗೆ ಗಾಯಾಳುಗಳು ಬರುತ್ತಿದ್ದರು, ಗಾಯದೊಳಗಿನ ಲೋಹದ ಚೂರು ಹುಡುಕುವ ಸಾಧನದ ಮೇಲೆ ಕೆಲಸ ಮಾಡಿದ. ನವೆಂಬರ್ 20ರಿಂದ ಊರಿನ ನೌಕರರಿಗೆ, ಅವಲಂಬಿತರಿಗೆ, ಮಕ್ಕಳಿಗೆ ದಿನದ ಬ್ರೆಡ್ ಪಡಿತರ 125 ಗ್ರಾಂಗೆ ಇಳಿಯಿತು. ಅದರಲ್ಲೂ ಹಿಟ್ಟಲ್ಲದ್ದನ್ನು ಬೆರೆಸಿರುತ್ತಿದ್ದರು. 1942ರ ಜನವರಿ 22ರಂದು, ತಾನು ಪಾಠ ಮಾಡುತ್ತಿದ್ದ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲೇ, ಲೋಸೆವ್ ಹಸಿವಿನಿಂದ ಸತ್ತ. 38 ವರ್ಷ. ಸಮಾಧಿ ಎಲ್ಲಿ ಅಂತ ಗೊತ್ತಿಲ್ಲ. ಆ ಚಳಿಗಾಲದಲ್ಲಿ ಹೆಣಗಳನ್ನು ಸಾಮೂಹಿಕವಾಗಿ ಹೂಳುತ್ತಿದ್ದರು.

1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ. ಆತನೂ ವಲಸೆ ಬಂದ ಗಣಿ ಕಾರ್ಮಿಕನ ಮಗ. ಲೋಸೆವ್‌ನ ಕೆಲಸವನ್ನು 1976ರಲ್ಲಿ ಎಗಾನ್ ಲೋಬ್ನರ್ ಎಂಬ ವಿಜ್ಞಾನಿ ಎಲ್‌ಇಡಿಯ ಇತಿಹಾಸ ಬರೆಯುತ್ತ ಮತ್ತೆ ಬೆಳಕಿಗೆ ತಂದ. ನೀಲಿ ಎಲ್‌ಇಡಿ 1990ರ ದಶಕದ್ದು, ಅದರ ಮೇಲೆ ಹಳದಿ ರಂಜಕ ಬಳಿದಾಗ ನಮ್ಮ ಬಿಳಿ ಬಲ್ಬು. ಮಗ್ಗದ ಬಲ್ಬಿನಲ್ಲಿ ಚೌಕಗಳು ಹಳದಿ ಕಂಡಿದ್ದು ಅದಕ್ಕೇ. ಆ ನೀಲಿಗಾಗಿ ನೊಬೆಲ್ ಪಡೆದ ಶುಜಿ ನಕಾಮುರಾಗೆ ಅವನ ಕಂಪನಿ ಕೊಟ್ಟ ಬಹುಮಾನ 20,000 ಯೆನ್. ಆತ ಕೋರ್ಟಿಗೆ ಹೋದ ಮೇಲೆ, 2005ರಲ್ಲಿ, 84 ಕೋಟಿ ಯೆನ್‌ಗೆ ರಾಜಿಯಾಯಿತು.

ನಮ್ಮಲ್ಲಿಗೆ ಈ ಬೆಳಕು ಸರ್ಕಾರಿ ಯೋಜನೆಯಾಗಿ ಬಂತು. ಕೇಂದ್ರದ್ದು 2015ರ ಉಜಾಲಾ, ರಾಜ್ಯದ್ದು ಹೊಸ ಬೆಳಕು. ಸರ್ಕಾರ ಸಗಟಾಗಿ ಕೊಂಡ ಬಲ್ಬಿನ ದರ 2014ರಲ್ಲಿ 310 ರೂಪಾಯಿ ಇದ್ದದ್ದು 2016ಕ್ಕೆ 38ಕ್ಕೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. ಇದರಿಂದ ವಿದ್ಯುತ್ ಉಳಿದದ್ದು ನಿಜ, ಬಡವರ ಬಿಲ್ ಇಳಿದದ್ದೂ ನಿಜ. ಆದರೆ ಮಾರುಕಟ್ಟೆಯಲ್ಲಿ ಬೆಲೆ ಕುಸಿದ ಹಾಗೆ ಅಗ್ಗದ ಬಲ್ಬುಗಳಲ್ಲಿ ಕಡಿಮೆ ಚೌಕ ಹಾಕಿ, ಪ್ರತಿಯೊಂದಕ್ಕೂ ಜಾಸ್ತಿ ಕರೆಂಟ್ ಹರಿಸುವುದು ರೂಢಿಯಾಯಿತು. ಬಿಸಿ ಏರುತ್ತದೆ, ಚೌಕ ಸುಡುತ್ತದೆ, ಒಳಗಿನ ಕೆಪ್ಯಾಸಿಟರ್ ಒಣಗುತ್ತದೆ. ಉಲ್ಟಾ ಮಾಡುವುದೂ ಸಾಧ್ಯ. 2016ರಲ್ಲಿ ದುಬೈ ನಗರಾಡಳಿತದ ಜೊತೆ ಒಪ್ಪಂದ ಮಾಡಿಕೊಂಡು ಫಿಲಿಪ್ಸ್ ತಂದ ಬಲ್ಬಿನಲ್ಲಿ ಎಲ್‌ಇಡಿಗಳು ಜಾಸ್ತಿ, ಒಂದೊಂದಕ್ಕೂ ಹರಿಯುವ ಕರೆಂಟ್ ಕಡಿಮೆ. 3 ವ್ಯಾಟಿಗೆ 600 ಲ್ಯೂಮೆನ್. ನಮ್ಮ 9 ವ್ಯಾಟಿನದು ಸುಮಾರು 900 ಕೊಡುತ್ತದೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಗಜೇಂದ್ರಗಡದ ಅಣ್ಣ ರೆಸಿಸ್ಟರ್ ಕಿತ್ತು ಮಾಡಿದ್ದು ಇದೇ ತರ್ಕದ ಬಡವರ ರೂಪ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆಗ ಹೆಸರಿಸಿದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆ ವಸ್ತು, ವಾಹನ. 36 ಕೋಟಿ ಬಲ್ಬು ಹಂಚಿದ ಸರ್ಕಾರ ಅವನ್ನು ಬಿಚ್ಚಿ ಸರಿ ಮಾಡುವುದನ್ನು ಐಟಿಐಗಳಲ್ಲಿ, ಹೈಸ್ಕೂಲುಗಳಲ್ಲಿ ಕಲಿಸಬಹುದಿತ್ತು. ಹೊಲಿದು ಮುಚ್ಚಿದ ಡಬ್ಬಿಯ ಹಾಗೆ ಕೊಟ್ಟು, ಹೋದರೆ ಇನ್ನೊಂದು ಕೊಳ್ಳಿ ಅನ್ನುವುದೇ ನೀತಿಯಾಯಿತು. ಲೋಸೆವ್ ಹವ್ಯಾಸಿಗಳಿಗೆ ಬರೆದ ಕೈಪಿಡಿಗಳ ಹಾಗೆ ಕನ್ನಡದಲ್ಲಿ ಒಂದು ಬಂದರೆ ನಾನಂತೂ ಕೊಳ್ಳುತ್ತೇನೆ. (ಓದಿ ಉತ್ಸಾಹ ಬಂದವರಿಗೆ ಒಂದು ಮಾತು: ಹೋಲ್ಡರಿನಲ್ಲಿರುವ ಬಲ್ಬಿನ ಬುರುಡೆ ತೆಗೆಯಬೇಡಿ. ಒಳಗಿನ ತಟ್ಟೆಗೂ ಮನೆಯ 230 ವೋಲ್ಟಿಗೂ ನಡುವೆ ಯಾವ ಬೇಲಿಯೂ ಇರುವುದಿಲ್ಲ. ಹೊರಗೆ ತೆಗೆದ ಮೇಲೂ ಕೆಪ್ಯಾಸಿಟರ್ ಸ್ವಲ್ಪ ಹೊತ್ತು ಕಚ್ಚುತ್ತದೆ. ಕಲಿತವರ ಪಕ್ಕ ಕೂತು ಕಲಿಯಿರಿ.)

ಮುಂದಿನ ಸಲ ಊರಿಗೆ ಹೋದಾಗ ಅಂಗಡಿಗೆ ಹೋಗಿ ನನ್ನ ತಪ್ಪು ಉತ್ತರ ತಿದ್ದಿದೆ. ಲೋಸೆವ್ ಕಥೆಯನ್ನೆಲ್ಲ ಹೇಳಿದೆ. ಅಣ್ಣ ಮಿಕ್ಸರ್ ಒಂದರ ತಂತಿ ಬಿಚ್ಚುತ್ತಲೇ ಕೇಳಿಸಿಕೊಂಡರು. ಬೆಂಜೀನ್ ಹನಿಯ ಮಾತು ಬಂದಾಗ ಮಾತ್ರ ಕೈ ನಿಲ್ಲಿಸಿ, ಅದನ್ನು ಎರಡನೇ ಸಲ ಹೇಳಿಸಿದರು. ತಾವೂ ಬಲ್ಬು ಬಿಸಿಯಾಗಿದೆಯಾ ನೋಡಲು ಒದ್ದೆ ಬೆರಳು ಇಡ್ತೀವಿ ಅಂದರು.

ಮಾವನ ಮಗ್ಗದ ಮೇಲೆ ಈಗ ಎರಡು ಬಲ್ಬುಗಳಿವೆ, ಎರಡೂ ಒಂದೊಂದು ರೆಸಿಸ್ಟರ್ ಕಳೆದುಕೊಂಡವು. ಒಂದೊಂದೇ ಆದರೆ ಮಬ್ಬು. ಎಡಕ್ಕೊಂದು ಬಲಕ್ಕೊಂದು ತೂಗುಹಾಕಿದ್ದರಿಂದ ಕೈಯ ನೆರಳು ಎಳೆಯ ಮೇಲೆ ಬೀಳುವುದಿಲ್ಲ ಅಂತ ಮಾವ ಹೇಳುತ್ತಾರೆ. ಮೂರನೆಯದು ಇನ್ನೂ ಚೀಲದಲ್ಲಿದೆ. ಅದರಲ್ಲಿ ಸುಟ್ಟಿರುವುದು ಚೌಕವಲ್ಲ, ಐಸಿ. ಅದಕ್ಕೆ ಬದಲಿ ಸಿಕ್ಕಿಲ್ಲ.